ಸರ್ವರಿಗೂ ಕೀಲಿ

ನಮ್ಮ ಮ್ಯಾನೇಜರರಿಗೆ ಈ ಭೂಮಿಯ ಮೇಲೆ ನಂಬಿಕೆ ಇರುವುದು ಒಂದೇ ಒಂದರಲ್ಲಿ, ಅದು ಪಾಸ್‌ವರ್ಡ್. ಹೆಂಡತಿಯನ್ನು ನಂಬುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮನ್ನಂತೂ ನಂಬುವುದಿಲ್ಲ. ಭದ್ರತೆ, ಭದ್ರತೆ ಎಂದು ದಿನಕ್ಕೆ ನೂರು ಸಲ ಜಪ ಮಾಡುತ್ತಿದ್ದುದರಿಂದ ಬೆನ್ನ ಹಿಂದೆ ನಾವೆಲ್ಲ ಅವರಿಗೆ ಭದ್ರಪ್ಪ ಎಂದು ನಾಮಕರಣ ಮಾಡಿದ್ದೆವು. ಅವರಿಗೆ ಅದು ಗೊತ್ತಿರಲಿಲ್ಲ. ಕಚೇರಿಯಲ್ಲಿ ನಿಜವಾಗಿ ಗುಟ್ಟಾಗಿ ಉಳಿದಿದ್ದು ಅದೊಂದೇ ಇರಬೇಕು.

ನಮ್ಮದು ಶೈತ್ಯಾಗಾರಗಳ ಕಂಪನಿ. ಹಣ್ಣು, ಹೂವು, ಹಾಲು, ಔಷಧಿ, ಏನೇ ಆಗಲಿ, ಕೆಡದ ಹಾಗೆ ತಣ್ಣಗಿಟ್ಟು ಕಾಯುವುದು ನಮ್ಮ ಕೆಲಸ. ದೂರ ದೂರದ ಊರುಗಳಲ್ಲಿ ಡಿಪೋಗಳಿವೆ. ಒಂದೊಂದು ಡಿಪೋದಲ್ಲೂ ಬೀರುವಿನೊಳಗೆ ಕೂತ ಒಂದು ಸರ್ವರ್ ಇದೆ, ಅದು ಕೋಣೆ ಎಷ್ಟು ತಣ್ಣಗಿದೆ ಎಂದು ಸದಾ ಬರೆದುಕೊಳ್ಳುತ್ತಿರುತ್ತದೆ. ನಾನು ಮುಖ್ಯ ಕಚೇರಿಯಲ್ಲಿ ಕೂತು ಬೆಳಗ್ಗೆ ಎದ್ದರೆ ಆ ಸರ್ವರ್‌ಗಳಿಗೆ ಒಂದೊಂದಾಗಿ ಲಾಗಿನ್ ಆಗಿ, ಹಿಂದಿನ ದಿನದ ಲೆಕ್ಕ ಎಳೆದುಕೊಂಡು, ವರದಿ ಮಾಡಿ ಸಾಹೇಬರ ಮೇಜಿನ ಮೇಲೆ ಇಡಬೇಕು. ಪ್ರತಿಯೊಂದು ಸರ್ವರ್ರೂ ನೀನ್ಯಾರು ಎಂದು ಕೇಳುತ್ತದೆ. ಪಾಸ್‌ವರ್ಡ್ ಹೊಡೆಯುತ್ತೇನೆ. ಒಳಗೆ ಬಿಡುತ್ತದೆ. ಮುಂದಿನದಕ್ಕೆ ಹೋದರೆ ಅದೂ ನೀನ್ಯಾರು ಎನ್ನುತ್ತದೆ. ನಿನ್ನೆಯೂ ನಾನೇ, ಇವತ್ತೂ ನಾನೇ, ನಿನ್ನ ಕರ್ಮಕ್ಕೆ ನಾಳೆಯೂ ನಾನೇ ಕಣೋ ಎಂದು ಪರದೆಗೆ ಬೈದುಕೊಂಡೇ ನನ್ನ ದಿನ ಶುರುವಾಗುತ್ತಿತ್ತು.

ಇನ್ನು ಪಾಸ್‌ವರ್ಡ್‌ನ ನಿಯಮಗಳು. ಅದು ಉದ್ದವಿರಬೇಕು. ಅಂಕಿ ಇರಬೇಕು, ಎಲ್ಲಾದರೂ ಒಂದು ವಿಚಿತ್ರ ಚಿಹ್ನೆ ಇರಬೇಕು. ಒಂದು ಡಿಪೋದ್ದು ಇನ್ನೊಂದಕ್ಕೆ ಸಲ್ಲದು. ತಿಂಗಳು ತಿಂಗಳು ಬದಲಾಗಬೇಕು, ಹಳೆಯದರ ನೆರಳೂ ಹೊಸದರ ಮೇಲೆ ಬೀಳಬಾರದು. ಎಲ್ಲೂ ಬರೆದಿಡಬಾರದು, ಒಬ್ಬರ ತಲೆಯಲ್ಲಿ ಮಾತ್ರ ಇರಬೇಕು. ಆ ಪುಣ್ಯವಂತ ತಲೆ ನನ್ನದು. ರಜೆ ಕೇಳಿದರೆ ಸಾಹೇಬರು, "ಹೋಗಮ್ಮಾ, ಧಾರಾಳವಾಗಿ ಹೋಗು, ತಲೆ ಮಾತ್ರ ಇಲ್ಲೇ ಬಿಟ್ಟು ಹೋಗು" ಎಂದು ಹಲ್ಲು ಬಿಡುತ್ತಿದ್ದರು. ಜ್ವರ ಬಂದಾಗಲೂ ಮೂಗು ಒರೆಸಿಕೊಂಡು ಬಂದು ಪಾಸ್‌ವರ್ಡ್ ಹೊಡೆದು ಹೋಗಿದ್ದೇನೆ.

ಆದರೆ ಈ ಸಲ ನನಗೆ ರಜೆ ಬೇಕೇ ಬೇಕಿತ್ತು. ನನ್ನ ತಂಗಿಗೆ ದಿನ ತುಂಬಿತ್ತು. ಮೊದಲ ಎರಡು ಸಲವೂ ಅವಳು ತುಂಬಿದ ಹೊಟ್ಟೆ ಹೊತ್ತು ಹೆರಿಗೆ ಕೋಣೆಗೆ ಹೋಗಿ ಬರಿಗೈಲಿ ಬಂದವಳು. ಆ ಆಸ್ಪತ್ರೆಯಲ್ಲಿ ಗಂಡಸರನ್ನು ಒಳಗೆ ಬಿಡುವುದಿಲ್ಲ, ಜೊತೆಗೆ ಒಬ್ಬ ಹೆಂಗಸು ಇರಬಹುದು. ಅಮ್ಮ ತೀರಿಹೋಗಿ ಎಷ್ಟೋ ಕಾಲವಾಯಿತು. "ಅಕ್ಕ, ನೋವು ತಡ್ಕೋತೀನಿ ಕಣೆ. ಆದ್ರೆ ಮಗು ಆದ ಮೇಲೆ ಆ ಕೋಣೆ ಸುಮ್ಮನಿರುತ್ತಲ್ಲ, ಯಾರೂ ಮಾತಾಡಲ್ವಲ್ಲ, ಅದನ್ನ ಇನ್ನೊಂದು ಸಲ ಒಬ್ಬಳೇ ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ. ನೀನು ಪಕ್ಕದಲ್ಲಿರಬೇಕು" ಎಂದಿದ್ದಳು. ಇರುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ. ಹೊಟ್ಟೆಯೊಳಗೆ ಭಯ, ಬಾಯಲ್ಲಿ ಧೈರ್ಯ.

ಸಾಹೇಬರ ಮುಂದೆ ಹೋಗಿ ನಿಂತೆ. "ಮುಂದಿನ ವಾರ ರಜೆ ಬೇಕು ಸಾರ್."

"ನೀನು ರಜೆ ಹೋದ್ರೆ ಲಾಗಿನ್ ಯಾರಾಗ್ತಾರೆ?"

"ಯಾರೂ ಆಗೋದು ಬೇಡ. ಶೆಲ್ ಸ್ಕ್ರಿಪ್ಟ್ ಬರೀತೀನಿ, ಅದೇ ಆಗುತ್ತೆ."

ಶೆಲ್ ಸ್ಕ್ರಿಪ್ಟ್ ಎಂದರೆ ಹೆದರುವಂಥದ್ದೇನಲ್ಲ. ನಾನು ಬೆಳಗ್ಗೆ ಒಂದಾದ ಮೇಲೊಂದು ಕೊಡುವ ಆಜ್ಞೆಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಯಂತ್ರ ತಾನೇ ಓದಿಕೊಂಡು ಮಾಡುತ್ತಾ ಹೋಗುತ್ತದೆ. ತೊಡಕು ಒಂದೇ. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಸ್ಕ್ರಿಪ್ಟು ಕೈಕಟ್ಟಿ ನಿಂತುಬಿಡುತ್ತದೆ, ಯಾರಾದರೂ ಬಂದು ಹೊಡೆಯುವವರೆಗೆ ಅಲುಗಾಡುವುದಿಲ್ಲ.

"ಅದಕ್ಯಾಕೆ ತಲೆ ಕೆಡಿಸ್ಕೋತೀರಾ, ಪಾಸ್‌ವರ್ಡನ್ನೂ ಸ್ಕ್ರಿಪ್ಟ್ ಒಳಗೇ ಬರೆದುಬಿಟ್ರಾಯ್ತು" ಎಂದು ಪಕ್ಕದ ಕುರ್ಚಿಯಿಂದ ಭಾಮೈದ ಬಾಯಿ ಹಾಕಿದ. ಅವನು ಸಾಹೇಬರ ಹೆಂಡತಿಯ ತಮ್ಮ. ಅದೇ ಅವನ ಹುದ್ದೆ, ಅದೇ ಅವನ ಅರ್ಹತೆ.

"ಮನೆಗೆ ಬೀಗ ಹಾಕಿ, ಕೀಲೀನ ಅದಕ್ಕೇ ನೇತುಹಾಕಿ ಬಂದ ಹಾಗಾಗುತ್ತೆ" ಎಂದೆ. ಕೇಳಲಿಲ್ಲ. ನನಗೆ ಬುದ್ಧಿ ಕಲಿಸಲೆಂದು ಅವನೇ ಒಂದು ಸ್ಕ್ರಿಪ್ಟು ಬರೆದು, ತನ್ನ ಪಾಸ್‌ವರ್ಡನ್ನೇ ಅದರಲ್ಲಿಟ್ಟು, ಮೀಟಿಂಗ್ ಕೋಣೆಯ ದೊಡ್ಡ ಪರದೆಯ ಮೇಲೆ ಓಡಿಸಿ ತೋರಿಸಿದ. ಸ್ಕ್ರಿಪ್ಟು ಮೊದಲ ಸಾಲಿನಲ್ಲೇ ಮುಗ್ಗರಿಸಿತು, ಮುಗ್ಗರಿಸಿದ ಸಾಲನ್ನು ಇದ್ದದ್ದು ಇದ್ದ ಹಾಗೆ ಎತ್ತಿ ಪರದೆಯ ಮೇಲೆ ತೋರಿಸಿತು. ಅವನ ಪಾಸ್‌ವರ್ಡ್ 'ಅಕ್ಕನಕೃಪೆ' ಎಂದು ಇಡೀ ಕಚೇರಿಗೆ ಗೊತ್ತಾಯಿತು. ನಮಗೆ ಮೊದಲೇ ಗೊತ್ತಿದ್ದ ವಿಷಯ, ಆದರೂ ಬರಹದಲ್ಲಿ ನೋಡುವ ಸುಖವೇ ಬೇರೆ.

ಆಮೇಲೆ ನಾನು ಸಾಹೇಬರಿಗೆ ಸರಿಯಾದ ದಾರಿ ವಿವರಿಸಿದೆ. ನಮ್ಮ ಯಂತ್ರದಲ್ಲಿ ಒಂದು ಜೋಡಿ ಕೀಲಿ ಮಾಡುತ್ತೇನೆ. ಒಂದು ಖಾಸಗಿ ಕೀಲಿ, ಅದು ನಮ್ಮಲ್ಲೇ ಇರುತ್ತದೆ, ಯಾರಿಗೂ ಕೊಡುವುದಿಲ್ಲ. ಇನ್ನೊಂದು ಸಾರ್ವಜನಿಕ ಕೀಲಿ, ಅದನ್ನು ಪ್ರತಿ ಡಿಪೋದ ಸರ್ವರ್‌ನಲ್ಲಿ ಒಂದು ಫೈಲಿಗೆ ಹಾಕಿಡಬೇಕು. ಮುಂದೆ ನಮ್ಮ ಸ್ಕ್ರಿಪ್ಟು ಹೋಗಿ ಬಾಗಿಲು ತಟ್ಟಿದಾಗ ಆ ಎರಡು ಹೊಂದುತ್ತವೆ, ಸರ್ವರ್ ಏನೂ ಕೇಳದೆ ಒಳಗೆ ಬಿಡುತ್ತದೆ.

"ಏನೂ ಕೇಳದೆ?" ಸಾಹೇಬರ ಮುಖ ಬಿಳಿಚಿಕೊಂಡಿತು. "ಕಳ್ಳರೂ ಏನೂ ಹೇಳದೇನೇ ಬರೋದು ಕಣಮ್ಮಾ."

"ಕಳ್ಳರ ಹತ್ರ ಖಾಸಗಿ ಕೀಲಿ ಇರಲ್ಲ ಸಾರ್."

"ಅದೇನೋ ಸಾರ್ವಜನಿಕ ಅಂದ್ಯಲ್ಲ, ಆ ಪದ ನಂಗೆ ಹಿಡಿಸ್ಲಿಲ್ಲ. ಸಾರ್ವಜನಿಕ ಅಂದ್ರೆ ಯಾರು ಬೇಕಾದ್ರೂ ಹೋಗೋ ಜಾಗ. ಮೂಗು ಮುಚ್ಕೊಂಡು ಹೋಗೋ ಜಾಗ."

ಗೋಡೆಗೆ ಹೇಳಿದ್ದರೆ ಅದು ಕನಿಷ್ಠ ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು. ಗಂಟಲ ಪಸೆ ಆರುವಷ್ಟು ಹೇಳಿದ ಮೇಲೆ ಕೊನೆಗೂ ಒಪ್ಪಿದರು. ಎಲ್ಲ ಡಿಪೋಗಳಲ್ಲೂ ಸ್ಕ್ರಿಪ್ಟು ಓಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ರಜೆ, ಇಲ್ಲವೆಂದರೆ ಇಲ್ಲ ಎಂದರು. ಕೀಲಿಯನ್ನು ನಾನೇ ಹಾಕಿಬಿಡೋಣ ಎಂದರೆ ಅದಕ್ಕೂ ಅವರದೇ ನಿಯಮ ಅಡ್ಡ. ನನ್ನ ಲಾಗಿನ್‌ಗೆ ಓದುವ ಹಕ್ಕು ಮಾತ್ರ. ಏನಾದರೂ ಬರೆಯಬೇಕೆಂದರೆ ಡಿಪೋದವರೇ ಬರೆಯಬೇಕು, ಅದೂ ಬೀರುವಿನೊಳಗಿನ ಕೀಬೋರ್ಡಿನಿಂದಲೇ. ಡಿಪೋದವರೋ, ಸಾಹೇಬರ ಸಹಿ ಇಲ್ಲದ ಸುತ್ತೋಲೆಯನ್ನು ಮೂಸಿಯೂ ನೋಡುವುದಿಲ್ಲ.

ಹಾಗಾಗಿ ನಾನೇ ಸುತ್ತೋಲೆ ಬರೆದುಕೊಟ್ಟೆ. 'ಇದರೊಂದಿಗೆ ಕಳಿಸಿರುವ ಸಾರ್ವಜನಿಕ ಕೀಲಿಯನ್ನು ನಿಮ್ಮ ಸರ್ವರ್‌ನಲ್ಲಿ, ಕೆಳಗೆ ಹೇಳಿದ ಫೈಲಿಗೆ ಹಾಕಿ, ಹಾಕಿದ ಮೇಲೆ ತಿಳಿಸಿ' ಎಂದು. ಮಗುವಿಗೂ ಅರ್ಥವಾಗುವ ಹಾಗಿತ್ತು. ಅದೇ ಅದರ ದೋಷವಾಯಿತೋ ಏನೋ, ಸಾಹೇಬರು "ಇದನ್ನ ಸ್ವಲ್ಪ ತಿದ್ದಿ ನಾನೇ ಕಳಿಸ್ತೀನಿ" ಎಂದು ಇಟ್ಟುಕೊಂಡರು.

ಮರುದಿನ ಮಧ್ಯಾಹ್ನದೊಳಗೆ ಎಲ್ಲ ಡಿಪೋಗಳಿಂದಲೂ ಉತ್ತರ ಬಂದಿತ್ತು. 'ಕೀಲಿ ಹಾಕಲಾಗಿದೆ.' 'ಆದೇಶದಂತೆ ಕೀಲಿ ಹಾಕಲಾಗಿದೆ.' 'ಭದ್ರವಾಗಿ ಕೀಲಿ ಹಾಕಲಾಗಿದೆ.' ಊಟದ ಬಿಲ್ಲಿನ ವಿಷಯಕ್ಕೂ ತಿಂಗಳುಗಟ್ಟಲೆ ಉತ್ತರಿಸದ ಜನ ಇಷ್ಟು ಬೇಗ ಕೆಲಸ ಮಾಡಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಿಂದ ತಂಗಿಗೆ ಫೋನ್ ಮಾಡಿ, "ಬಂದೇ ಬಿಟ್ಟೆ ಅಂತ ತಿಳ್ಕೋ" ಎಂದೆ. ಅವತ್ತಿನ ಲಾಗಿನ್ನನ್ನೂ ಸ್ಕ್ರಿಪ್ಟಿಗೇ ಬಾಕಿ ಬಿಟ್ಟು, ಸಾಹೇಬರನ್ನೂ ಭಾಮೈದನನ್ನೂ ಬೆನ್ನ ಹಿಂದೆ ನಿಲ್ಲಿಸಿಕೊಂಡು ಸ್ಕ್ರಿಪ್ಟು ಓಡಿಸಿದೆ.

ಮೊದಲ ಡಿಪೋ ಪಾಸ್‌ವರ್ಡ್ ಕೇಳಿತು. ಎರಡನೆಯದೂ ಕೇಳಿತು. ಒಂದಾದರೂ ಕೀಲಿಯ ಮುಖ ನೋಡಿದ ಹಾಗೆ ಕಾಣಲಿಲ್ಲ. ಹೂವಿನ ಡಿಪೋದ ಮೇಸ್ತ್ರಿಗೆ ಫೋನ್ ಹಚ್ಚಿದೆ.

"ಕೀಲಿ ಹಾಕಿದ್ರಾ?"

"ಹಾಕಿದೀವಿ ಮೇಡಂ. ಗಟ್ಟಿಯಾಗಿ ಹಾಕಿದೀವಿ. ಎಳೆದೂ ನೋಡಿದೀವಿ."

"ಎಳೆದು ನೋಡಿದ್ರಾ? ಏನನ್ನ ಎಳೆದ್ರಿ? ಯಾವ ಫೈಲಿಗೆ ಹಾಕಿದ್ರಿ?"

"ಫೈಲಿಗಲ್ಲ ಮೇಡಂ, ಬೀರುಗೆ. ಸರ್ವರ್ ಇರೋ ಬೀರುಗೆ. ಹಿತ್ತಾಳೆದು, ಒಳ್ಳೆ ತೂಕದ್ದು."

ಸಾಹೇಬರ ಮೇಜಿನ ಮೇಲಿದ್ದ ಸುತ್ತೋಲೆಯನ್ನು ಕಿತ್ತುಕೊಂಡು ಓದಿದೆ. ಸಾರ್ವಜನಿಕ ಎಂಬ ಪದ ಮಾಯವಾಗಿತ್ತು. ಫೈಲಿನ ಹೆಸರು ಗುಟ್ಟಾಗಿರಲಿ ಎಂದು ಅದನ್ನೂ ತೆಗೆದಿದ್ದರು. ಮೇಲ್‌ಗೆ ಏನನ್ನೂ ಲಗತ್ತಿಸಬಾರದೆಂಬ ತಮ್ಮದೇ ನಿಯಮದ ಪ್ರಕಾರ ಕೀಲಿಯನ್ನೇ ಕಳಿಸಿರಲಿಲ್ಲ. ಉಳಿದಿದ್ದು ಇಷ್ಟು: 'ಭದ್ರತೆಯ ದೃಷ್ಟಿಯಿಂದ ಸರ್ವರಿಗೂ ಕೂಡಲೇ ಕೀಲಿ ಹಾಕತಕ್ಕದ್ದು. ಕೀಲಿಕೈಗಳನ್ನು ಮುಖ್ಯ ಕಚೇರಿಗೆ ಅಂಚೆ ಮೂಲಕ ತಲುಪಿಸತಕ್ಕದ್ದು.'

ಆಗ ತಲೆಗೆ ಹೊಳೆಯಿತು. ನನ್ನ ತವರಿನ ಮಾತಲ್ಲಿ ಕೀಲಿ ಎಂದರೆ ಬೀಗ ತೆರೆಯುವುದು. ನನ್ನ ಅತ್ತೆಯಂಥ ಎಷ್ಟೋ ಜನರ ಬಾಯಲ್ಲಿ ಕೀಲಿ ಎಂದರೆ ಬೀಗವೇ, ಅದನ್ನು ತೆರೆಯುವುದಕ್ಕೆ ಕೀಲಿಕೈ. ಮದುವೆಯಾದ ಹೊಸತರಲ್ಲಿ ಅತ್ತೆ "ಕೀಲಿ ಹಾಕಮ್ಮ" ಎಂದರೆ ನಾನು ಎಲ್ಲಿಗೆ ಹಾಕಲಿ ಎಂದು ಕೇಳಿ ನಗೆಪಾಟಲಾಗಿದ್ದೆ. ಸಾಹೇಬರೂ ಅತ್ತೆಯ ಪಂಗಡ. ನಾನು ಇಷ್ಟು ದಿನ ಜೋಡಿ ಕೀಲಿ, ಜೋಡಿ ಕೀಲಿ ಎಂದು ಬಡಕೊಂಡಿದ್ದು ಅವರಿಗೆ ಜೋಡಿ ಬೀಗ ಎಂದು ಕೇಳಿಸಿತ್ತು. ಅದಕ್ಕೇ ಒಪ್ಪಿದ್ದರು ಮಹಾನುಭಾವರು.

ಅಷ್ಟರಲ್ಲಿ ಹಾಲಿನ ಡಿಪೋದಿಂದ ಫೋನ್ ಬಂತು. ಅಲ್ಲಿನ ಮುಖ್ಯಸ್ಥರು ಆ ಒಂದು ಸಾಲನ್ನು ಬೇರೆಯೇ ತರ ಓದಿಕೊಂಡಿದ್ದರು. "ಮೇಡಂ, ಗೇಟಿಗೆ ಕೀಲಿ ಹಾಕಿ ಎಲ್ಲರನ್ನೂ ಒಳಗೇ ಇಟ್ಕೊಂಡಿದೀನಿ. ಸರ್ವರಿಗೂ ಅಂದ್ರೆ ಡ್ರೈವರ್‌ಗಳಿಗೂ ಸೇರಿ ತಾನೇ? ಅವರು ಗಲಾಟೆ ಮಾಡ್ತಿದಾರೆ."

"ಕೀಲಿಕೈ ಎಲ್ಲಿ?"

"ಆದೇಶದ ಪ್ರಕಾರ ಅಂಚೆಗೆ ಹಾಕ್ಬಿಟ್ಟಿದೀನಿ. ಕಿಟಕಿಯಿಂದ ಕೊಟ್ಟು ಕಳಿಸಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀಗ ಒಡೆಸಿ ಡ್ರೈವರುಗಳನ್ನು ಬಿಡಿಸಿ ಎಂದು ಅವರಿಗೆ ಹೇಳಿದ್ದಷ್ಟೇ, ಕೈಲಿದ್ದ ಫೋನು ಮತ್ತೆ ಬಡಿದುಕೊಂಡಿತು. ತಂಗಿಯ ಗಂಡ. "ಅಕ್ಕಾ, ಶುರುವಾಗಿಬಿಟ್ಟಿದೆ. ಮುಂದಿನ ವಾರ ಅಂದಿದ್ರು, ಇವತ್ತೇ ನೋವು ಬಂತು. ಒಳಗೆ ಕರ್ಕೊಂಡು ಹೋದ್ರು. ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ ಒಂದೇ ಸಮ ಕೇಳ್ತಿದಾಳೆ." ಅವನ ದನಿ ನಡುಗುತ್ತಿತ್ತು.

ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಸಾಹೇಬರು ದಾರಿಗೆ ಅಡ್ಡ ನಿಂತರು.

"ಸ್ಕ್ರಿಪ್ಟ್ ಓಡಲಿಲ್ವಲ್ಲಮ್ಮಾ. ಮಾತು ಮಾತೇ. ಇವತ್ತಿನ ಲಾಗಿನ್ ಮುಗಿಸು, ನಾಳೆ ಬೆಳಗ್ಗೆದೂ ನೋಡ್ಕೋ, ಆ ಕೀಲಿಕೈಗಳೆಲ್ಲ ಬಂದ ಮೇಲೆ ರಜೆ ವಿಚಾರ ಮಾಡೋಣ."

"ಸಾರ್, ನನ್ನ ತಂಗಿಗೆ ಹೆರಿಗೆ ನೋವು."

"ಹೆರಿಗೆ ಅವಳದ್ದು ತಾನೇ? ನಿನ್ನದಲ್ವಲ್ಲ."

ನನಗೆ ಸಿಟ್ಟು ಬರುವುದು ಹೊಸದಲ್ಲ. ಮನೆಯಲ್ಲಿ ಕುಕ್ಕರಿಗಿಂತ ಮೊದಲು ನಾನು ಕೂಗುತ್ತೇನೆ ಎಂದು ನನ್ನ ಗಂಡ ಹೇಳುತ್ತಾನೆ. ಆದರೆ ಅವತ್ತು ಬಂದದ್ದು ಬೇರೆ ಜಾತಿಯದು. ಪಿತ್ತ ನೆತ್ತಿಗೇರಿ ಅಲ್ಲೇ ತಣ್ಣಗಾಗಿ ಕೂತಿತು. ನನ್ನ ಕುರ್ಚಿಯನ್ನು ಎಳೆದು ಸಾಹೇಬರ ಮುಂದಿಟ್ಟೆ.

"ಕೂತ್ಕೊಳ್ಳಿ ಸಾರ್. ಒಂದೇ ತಲೆಯಲ್ಲಿರಬೇಕು ಅಂತ ತಾನೇ ನಿಯಮ? ಇವತ್ತಿನಿಂದ ಆ ತಲೆ ನಿಮ್ಮದು. ಬರ್ಕೊಳ್ಳೋ ಹಾಗಿಲ್ಲ, ಟೈಪ್ ಮಾಡ್ತಾ ನೆನಪಿಟ್ಕೊಳ್ಳಿ. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಮೊದಲು ಹೂವಿನ ಡಿಪೋ. 'ತಲೆಲಿ ಏನಿದೆ ಸಾಹೇಬ್ರೆ', ಆಮೇಲೆ ಏಳು, ಆಮೇಲೆ ಪ್ರಶ್ನೆ ಗುರುತು."

ಸಾಹೇಬರು ಕೂತವರು ತಿರುಗಿ ನೋಡಿದರು. "ಇದು ನನ್ನನ್ನ ಕೇಳ್ತಿರೋದೋ, ಪಾಸ್‌ವರ್ಡೋ?"

"ಪಾಸ್‌ವರ್ಡ್ ಸಾರ್."

ಹೊಡೆದರು. ಸರ್ವರ್ ಒಳಗೆ ಬಿಟ್ಟಿತು. ಕಚೇರಿಯಲ್ಲಿ ಟೈಪು ಮಾಡುವ ಸದ್ದು ಒಂದೊಂದಾಗಿ ನಿಂತುಹೋಯಿತು.

"ಹಣ್ಣಿನ ಡಿಪೋ. 'ರಜೆ ಕೊಟ್ರೆ ಗಂಟೇನು ಹೋಗುತ್ತೆ', ನಡುವೆ ನಕ್ಷತ್ರ, ಕೊನೆಗೆ ಮೂರು. ಔಷಧಿ ಡಿಪೋ. 'ಈ ಮುಖಕ್ಕೆ ಮದ್ದಿಲ್ಲ', ನಡುವೆ ಶೇಕಡಾ ಗುರುತು, ಕೊನೆಗೆ ಒಂಬತ್ತು. ಹಾಲಿನ ಡಿಪೋ. 'ಭದ್ರಪ್ಪಂಗೆ ಬುದ್ಧಿ ಹೆಪ್ಪುಗಟ್ಟಿದೆ', ಆಮೇಲೆ ಐದು, ಆಮೇಲೆ ಆಶ್ಚರ್ಯದ ಗುರುತು."

"ಭದ್ರಪ್ಪ ಯಾರು?"

ಲೆಕ್ಕದ ವಿಭಾಗದ ಹೆಂಗಸು ಕೆಮ್ಮುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಕೊನೆಗೆ ಭಾಮೈದನೇ, "ಭಾವ, ಅದು ನೀವೇ" ಎಂದ. ಪಾಪ, ಸಹಾಯ ಮಾಡಲು ಹೋಗಿದ್ದ. ಸಾಹೇಬರ ಬೆರಳುಗಳು ಕೀಬೋರ್ಡಿನ ಮೇಲೇ ನಿಂತವು, ಮುಖ ಕೆಂಪಾಯಿತು. ತಿಂಗಳು ತಿಂಗಳು ಅಷ್ಟೊಂದು ಪಾಸ್‌ವರ್ಡು ಹೊಸೆಯುವಾಗ ನನ್ನ ತಲೆಯಲ್ಲಿ ಸಾಹೇಬರಲ್ಲದೆ ಇನ್ನು ಯಾರಿರಲು ಸಾಧ್ಯ ಹೇಳಿ. ನೆನಪಿಡಲೂ ಸುಲಭ, ಮನಸ್ಸಿಗೂ ಹಗುರ. ಉಳಿದ ಡಿಪೋಗಳವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಹೊಡೆದರೋ ಬಿಟ್ಟರೋ ನೋಡಲಿಲ್ಲ. "ನಾನು ಮರೆತುಬಿಟ್ಟೆ ಸಾರ್, ಇನ್ನು ನೀವುಂಟು, ಸರ್ವರ್ ಉಂಟು" ಎಂದು ಹೊರಬಿದ್ದೆ.

ಆಟೋದಲ್ಲಿ ಕೂತ ಮೇಲೆ ಹೆದರಿಕೆ ಶುರುವಾಯಿತು. ಕೆಲಸ ಹೋಗುತ್ತದೆ ಎಂದಲ್ಲ, ಹಾಳಾಗಿ ಹೋಗಲಿ. ತಡವಾಗುತ್ತದೆ ಎಂದು. ಪ್ರತಿ ತಿರುವಿನಲ್ಲೂ ಕೆಂಪು ದೀಪ. ಡ್ರೈವರಿಗೆ ಬೈದೆ, ಮುಂದಿದ್ದ ಲಾರಿಗೆ ಬೈದೆ, ದೀಪದ ಕಂಬಕ್ಕೂ ಬೈದೆ. ಕೋಣೆ ಸುಮ್ಮನಿರುತ್ತಲ್ಲ ಎಂದ ತಂಗಿಯ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಮೆಟ್ಟಿಲು ಹತ್ತಿ ಓಡಿದರೆ ಹೆರಿಗೆ ವಿಭಾಗದ ಬಾಗಿಲಲ್ಲಿ ನೀಲಿ ಸೀರೆಯ ಕಾವಲಿನ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಳು. ಗೋಡೆಯ ಮೇಲೆ 'ಪಾಸ್ ಇಲ್ಲದವರಿಗೆ ಪ್ರವೇಶವಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಪಾಸ್ ತಂಗಿಯ ಗಂಡನ ಜೇಬಿನಲ್ಲಿತ್ತು. ಅವನು ಔಷಧಿ ತರಲು ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ.

ನನಗೆ ಇನ್ನು ತಡೆಯಲಾಗಲಿಲ್ಲ. "ನೋಡಿ, ಒಳಗಿರೋದು ನನ್ನ ತಂಗಿ. ಪಾಸ್ ಇಲ್ಲ, ಚೀಟಿ ಇಲ್ಲ, ಏನೂ ಇಲ್ಲ. ಬೆಳಗ್ಗಿಂದ ಸಂಜೆವರೆಗೂ ನೀನ್ಯಾರು, ನೀನ್ಯಾರು ಅಂತ ಕೇಳಿಸ್ಕೊಂಡು ಸಾಕಾಗಿದೆ ನಂಗೆ. ನಾನು ಅವಳ ಅಕ್ಕ! ಅದಕ್ಕಿಂತ ಇನ್ನೇನು ಬೇಕು ನಿಮಗೆ? ಬಿಡ್ತೀರೋ, ಇಲ್ಲ ಬಾಗಿಲು ಒದ್ಕೊಂಡು ಹೋಗ್ಲೋ?" ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆ ಹೆಂಗಸು ಸ್ಟೂಲಿನಿಂದ ಎದ್ದು ಬಾಗಿಲು ತೆರೆದು ಹಿಡಿದಳು. "ಹೋಗಿ ಅಮ್ಮ, ಎಡಗಡೆ ಎರಡನೇ ಕೋಣೆ. ಕೂಗಾಡ್ಕೊಂಡು ಒಬ್ಬರು ಬರ್ತಾರೆ, ಅವರೇ ನಮ್ಮಕ್ಕ, ಏನೂ ಕೇಳ್ದೆ ಬಿಟ್ಬಿಡಿ ಅಂತ ನಿಮ್ಮ ತಂಗಿ ಒಳಗೆ ಹೋಗೋವಾಗ್ಲೇ ಹೇಳಿ ಹೋಗಿದಾರೆ. ಆಗಿಂದ ಕಾಯ್ತಾ ಕೂತಿದೀನಿ ನಿಮಗೆ."

ನಾನು ಒಳಗೆ ಓಡಿದೆ. ತಂಗಿ ನನ್ನನ್ನು ನೋಡಿ, "ಈಗ ಬಂದ್ಯಾ, ದರಿದ್ರದವಳೇ" ಎಂದು ಬೈದು ಕೈ ಹಿಡಿದುಕೊಂಡಳು, ಉಗುರು ಮಾಂಸಕ್ಕೆ ನಾಟುವ ಹಾಗೆ. ಆಮೇಲಿನದು ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಡಾಕ್ಟರಮ್ಮ ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಿದ್ದರು. ಕೊನೆಗೆ ಮಗು ಹೊರಗೆ ಬಂತು.

ಕೋಣೆ ಸುಮ್ಮನಾಯಿತು. ನರ್ಸು ಮಗುವನ್ನು ಮೂಲೆಯ ಮೇಜಿಗೆ ಒಯ್ದಳು. ಡಾಕ್ಟರಮ್ಮ ಆ ಕಡೆ ಬಗ್ಗಿದರು. ಯಾರೂ ಮಾತಾಡಲಿಲ್ಲ. ತಂಗಿ ಮೇಜಿನ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳು ಅಕ್ಕ, ಏನಾಯ್ತು ಹೇಳು ಎಂದು ಅವಳ ಕಣ್ಣು ಕೇಳುತ್ತಿತ್ತು.

"ಏನ್ರೀ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀರಾ? ಏನಾದ್ರೂ ಹೇಳ್ರೀ, ಮಗು ಯಾಕೆ" ಎಂದು ನಾನು ಕಿರುಚಿದೆ.

ಮಾತು ಪೂರ್ತಿ ಮಾಡಲು ಅದು ಬಿಡಲಿಲ್ಲ. ಮೂಲೆಯ ಮೇಜಿನಿಂದ ಒಂದು ಕಿರುಚು ಎದ್ದಿತು, ನನ್ನದಕ್ಕಿಂತ ಜೋರಾಗಿ, ಸಿಟ್ಟು ಸಿಟ್ಟಾಗಿ, ನಿಲ್ಲಿಸುವ ಲಕ್ಷಣವೇ ಇಲ್ಲದೆ. ನರ್ಸು ನಗುತ್ತಾ, "ದೊಡ್ಡಮ್ಮನ ಗಂಟಲೇ ಬಂದಿದೆ" ಎಂದಳು. ನಾನು ಗೋಡೆಗೆ ಒರಗಿ ಜೋರಾಗಿ ಅತ್ತುಬಿಟ್ಟೆ. ತಂಗಿ ನನ್ನ ಕೈ ಅಲುಗಾಡಿಸಿ, "ಸುಮ್ಮನಿರೇ, ಕೇಳಿಸ್ಕೋಬೇಕು" ಎಂದಳು.